ಸವೆಯದ ಟೈರು

“ಟೈರು ಬೆಳೆಯಲ್ಲಮ್ಮ,” ಎಂದರು ಮಿಲಿಮೀಟರಮ್ಮ. “ಮಕ್ಕಳು ಬೆಳೀತಾರೆ, ಉಗುರು ಬೆಳೆಯುತ್ತೆ, ನಮ್ಮೆಜಮಾನ್ರ ಹೊಟ್ಟೆ ಬೆಳೆಯುತ್ತೆ. ಟೈರು ಸವೆಯುತ್ತೆ, ಅಷ್ಟೆ.”

ಬೂದು ಬಣ್ಣದ ಕಾರಿನ ಬಾನೆಟ್ಟಿನ ಮೇಲೆ ಎಂಟು ಹಾಳೆಗಳು ಸಾಲಾಗಿ ಹರಡಿದ್ದವು. ವರ್ಷಕ್ಕೊಂದು ತಪಾಸಣೆ, ತಪಾಸಣೆಗೊಂದು ಹಾಳೆ. ಗಾಳಿಗೆ ಹಾರದಂತೆ ಅಂಚೆಯವಳು ಒಂದೊಂದರ ಮೇಲೂ ಒಂದೊಂದು ಬೆರಳು ಒತ್ತಿಕೊಂಡು ಬಾಗಿ ನಿಂತಿದ್ದಳು.

ಮೂವತ್ತು ವರ್ಷ ವಾಹನ ತಪಾಸಣೆಯ ಶೆಡ್ಡಿನಲ್ಲಿ ದುಡಿದು ನಿವೃತ್ತರಾದವರು ಮಿಲಿಮೀಟರಮ್ಮ. ಬ್ರೇಕು ಅರ್ಧ ಮಿಲಿಮೀಟರು ಹೆಚ್ಚು ಸವೆದಿದೆ ಎಂದು ತಮ್ಮ ಮೇಲಧಿಕಾರಿಯ ಕಾರನ್ನೇ ವಾಪಸು ಕಳಿಸಿದ ದಿನ ಆ ಹೆಸರು ಬಂತು, ಹೋಗಲಿಲ್ಲ. ಈಗ ಹಳೇ ಕಾರು ಕೊಳ್ಳುವವರಿಗೆ ಅದರ ತಪಾಸಣೆಯ ಹಾಳೆಗಳನ್ನು ಓದಿ ಹೇಳುತ್ತಾರೆ. ಬಣ್ಣ ಬಳಿದ ಕಾರು ಸುಳ್ಳು ಹೇಳೀತು, ಆದರೆ ಹಾಳೆಗಳನ್ನು ಒಟ್ಟಿಗಿಟ್ಟು ಓದಿದರೆ ಒಂದರ ಚಾಡಿಯನ್ನು ಇನ್ನೊಂದು ಹೇಳುತ್ತದೆ ಎನ್ನುವುದು ಅವರ ನಂಬಿಕೆ.

ಅಂಚೆಯವಳು ಕಾರು ಕೊಳ್ಳಲು ಬಂದವಳಲ್ಲ. ಐದು ವರ್ಷದ ಹಿಂದೆ, ಬೆಳಿಗ್ಗೆ ಹತ್ತೂವರೆಗೆ, ಶಾಲೆಯ ತಿರುವಿನಲ್ಲಿ ಸಂಗೀತದ ಮೇಷ್ಟ್ರೊಬ್ಬರಿಗೆ ಬೂದು ಬಣ್ಣದ ವಾಹನವೊಂದು ಗುದ್ದಿ ನಿಲ್ಲದೆ ಹೋಗಿತ್ತು. ಮೇಷ್ಟ್ರು ಉಳಿಯಲಿಲ್ಲ. ಆ ಹೊತ್ತಿಗೆ ಆ ರಸ್ತೆಯಲ್ಲಿ ಓಡಾಡುವ ಬೂದು ವಾಹನಗಳು ಎರಡೇ: ಅವಳ ಅಪ್ಪ ಓಡಿಸುತ್ತಿದ್ದ ಬ್ರೆಡ್ಡಿನ ವ್ಯಾನು, ಮತ್ತು ಹಲ್ಲಿನ ಡಾಕ್ಟರ ಈ ಕಾರು. ಕಾರು ಆಗ ಊರಿನ ಇನ್ನೊಂದು ತುದಿಯಲ್ಲಿ ತಪಾಸಣೆಗೆ ನಿಂತಿತ್ತು ಎಂದು ಈ ಹಾಳೆಗಳಲ್ಲಿ ನಾಲ್ಕನೆಯದು ಹೇಳಿತು. ವ್ಯಾನಿನ ಮೂತಿಯ ಮೇಲೆ ಹಳೆಯ ತಗ್ಗೊಂದಿತ್ತು. ಅಷ್ಟು ಸಾಕಾಯಿತು, ಅಪ್ಪ ಜೈಲಿಗೆ ಹೋದ.

ಈಗ ಡಾಕ್ಟರು ಕಾರನ್ನು ಮಾರಲು ಬಿಟ್ಟಿದ್ದಾರೆ. ನಾಳೆ ಬೆಳಿಗ್ಗೆ ಹತ್ತಕ್ಕೆ ದೂರದೂರಿನ ಗಿರಾಕಿ ಬಂದು ಒಯ್ಯುತ್ತಾನೆ. ಕಾರಿನ ಜೊತೆಗೆ ಈ ಎಂಟು ಹಾಳೆಗಳೂ ಹೋಗುತ್ತವೆ.

“ಎಲ್ಲಿ, ಮೂರನೇ ಹಾಳೆಯಿಂದ ಬೆರಳು ತೆಗಿ,” ಎಂದರು ಮಿಲಿಮೀಟರಮ್ಮ. “ಮುಂದಿನ ಎಡ ಟೈರು. ಗ್ರಿಪ್ಪಿನ ಆಳ ಎಷ್ಟು ಬರೆದಿದೆ?”

“ಐದೂವರೆ ಮಿಲಿಮೀಟರು.”

“ನಾಲ್ಕನೇ ಹಾಳೆ?”

ಅಂಚೆಯವಳು ಬಗ್ಗಿ ನೋಡಿದಳು. “ಆರು ಪಾಯಿಂಟ್ ನಾಲ್ಕು.”

“ಒಂದು ವರ್ಷದಲ್ಲಿ ಕಾರು ಹನ್ನೆರಡು ಸಾವಿರ ಕಿಲೋಮೀಟರು ಓಡಿದೆ. ಟೈರು ಸವೆಯೋದು ಬಿಟ್ಟು ದಪ್ಪ ಆಗಿದೆ.”

“ಟೈರು ಬದಲಾಯಿಸಿರಬಹುದಲ್ವಾ ಅಮ್ಮ?”

ಪ್ರಶ್ನೆ ಕೇಳಿ ಮಿಲಿಮೀಟರಮ್ಮನವರಿಗೆ ಖುಷಿಯಾಯಿತು. ಶೆಡ್ಡಿನಲ್ಲಿದ್ದಿದ್ದರೆ ಈ ಹುಡುಗಿಯನ್ನು ಶಿಷ್ಯೆ ಮಾಡಿಕೊಳ್ಳುತ್ತಿದ್ದರು. “ಟೈರಿನ ಪಕ್ಕೆ ಮೇಲೆ ನಂಬರ್ ಇರುತ್ತೆ. ಮೂರನೇ ಹಾಳೆಲಿ, ನಾಲ್ಕನೇ ಹಾಳೆಲಿ, ಐದನೇ ಹಾಳೆಲಿ ಅದೇ ನಂಬರು. ಐದನೇದರಲ್ಲಿ ಗ್ರಿಪ್ಪು ಮೂರೂವರೆಗೆ ಇಳಿದಿದೆ. ಇನ್ನೂ ಒಂದು ನೋಡು. ಐದನೇ ಹಾಳೆ ಕೆಳಗೆ ಏನು ಬರೆದಿದೆ, ಓದು.”

“ಎಡ ಹೆಡ್‌ಲೈಟ್ ಹೊಸದು. ಬಲದ್ದರ ಗಾಜು ಹಳದಿ.”

“ಯಾವ ಕಾರಿಗೂ ಒಂದೇ ಕಣ್ಣಿಗೆ ವಯಸ್ಸಾಗಲ್ಲಮ್ಮ.”

ಅಂಚೆಯವಳು ಐದನೇ ಹಾಳೆಯ ಆ ಸಾಲನ್ನು ಮತ್ತೆ ಓದಿದಳು. ಬಾನೆಟ್ಟಿನ ಮೇಲಿದ್ದ ಬೆರಳುಗಳು ಬಿಳುಚಿಕೊಂಡವು.

ದೂರದಲ್ಲಿ ಕಾರೊಂದರ ಗಾಜು ಒರೆಸುತ್ತಿದ್ದ ಹಳೇ ಕಾರಿನ ವ್ಯಾಪಾರಿ, ಒರೆಸಿದ ಗಾಜನ್ನೇ ಮತ್ತೊಮ್ಮೆ ಒರೆಸಿ ಹತ್ತಿರ ಬಂದ. “ನಾನು ಮೀಟರಿನ ಕಿಲೋಮೀಟರು ಹಿಂದಕ್ಕೆ ತಿರುಗಿಸಿಲ್ಲ ಅಮ್ಮಾವ್ರೇ, ಮೊದಲೇ ಹೇಳ್ತೀನಿ,” ಎಂದ.

“ನಿನ್ನನ್ನ ಯಾರಪ್ಪ ಕೇಳಿದ್ರು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ಅವನದು. ಈ ಒಂದು ಕಾರಿನ ವಿಷಯದಲ್ಲಿ ಪಾಪ ಅವನು ನಿಜವಾಗಿಯೂ ಏನೂ ಮಾಡಿರಲಿಲ್ಲ.

“ಅಂದ್ರೆ ಅಮ್ಮ,” ಅಂಚೆಯವಳ ದನಿ ಸಣ್ಣದಾಗಿತ್ತು, “ಆವತ್ತು ಈ ಕಾರನ್ನ ಯಾರೂ ಅಳತೆ ಮಾಡಲೇ ಇಲ್ಲ. ಸುಮ್ನೆ ಕೂತು ಬರೆದಿದಾರೆ. ಅಪ್ಪ ಹೇಳಿದ್ದು ನಿಜ.”

“ಅಪ್ಪ ಕಾಗದ ಬರೀತಾರಾ?”

“ತಿಂಗಳಿಗೊಂದು. ನನ್ನ ಚೀಲದಲ್ಲೇ ಬರುತ್ತೆ. ಬೀದಿಯವರಿಗೆಲ್ಲ ಹಂಚಿಬಿಟ್ಟು, ಕೊನೆಗೆ ನಂದು ನಾನೇ ಕೊಟ್ಕೋತೀನಿ. ಹೋದ ಸಲ ಬರೆದಿದ್ರು, ಇನ್ನೆರಡೇ ವರ್ಷ, ಕೆದಕಬೇಡ ಮಗಳೇ, ಬಂದ ಮೇಲೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬ್ರೆಡ್ಡಿನ ವಾಸನೆ ಕುಡೀತಾ ಎಲ್ಲಾದರೂ ಕೂತಿರ್ತೀನಿ ಅಂತ. ಇನ್ನು ವ್ಯಾನು ಯಾರು ಕೊಡ್ತಾರೆ ಅವರ ಕೈಗೆ.”

ಮಿಲಿಮೀಟರಮ್ಮ ಕನ್ನಡಕ ಒರೆಸಿಕೊಂಡರು. ಅಪ್ಪ ಮಗಳನ್ನು ಹೇಗಾದರೂ ಮಾಡಿ ಒಂದೇ ಮನೆಯೊಳಗೆ ಕೂರಿಸಬೇಕು ಎಂಬ ಆಸೆ ಅವರಲ್ಲಿ ಹುಟ್ಟಿ ಎರಡು ವಾರವಾಗಿತ್ತು. ಇವತ್ತು ಅದು ಹಟವಾಯಿತು. ನಾಲ್ಕನೇ ಹಾಳೆಯನ್ನು ಎತ್ತಿ, ಬರೆದವರು ಯಾರೆಂದು ನೋಡಲು ಕಣ್ಣಿನ ಹತ್ತಿರ ತಂದರು.

ಅಷ್ಟು ಹೊತ್ತು ಅಂಕಿಗಳ ಲೆಕ್ಕವನ್ನಷ್ಟೇ ನೋಡಿದ್ದರು. ಈಗ ಅಂಕಿಗಳ ಆಕಾರ ಕಂಡಿತು. ನಾಲ್ಕಕ್ಕೆ ಮೇಲೆ ಒಂದು ಸಣ್ಣ ಕೊಕ್ಕೆ. ಏಳಕ್ಕೆ ನಡುವೆ ಒಂದು ಅಡ್ಡಗೀಟು. ತಿಂಗಳ ಸಾಮಾನಿನ ಚೀಟಿಯಲ್ಲಿ, ಹಾಲಿನವನ ಕ್ಯಾಲೆಂಡರಿನಲ್ಲಿ, ಮೂವತ್ತೆರಡು ವರ್ಷದಿಂದ ದಿನಾ ನೋಡುವ ನಾಲ್ಕು ಮತ್ತು ಏಳು.

ಹಾಳೆಯ ಕೆಳಗೆ ಎರಡು ಸಹಿ. ಒಂದು ಅವರ ಯಜಮಾನರದು, ಇನ್ನೊಂದು ಅವರದೇ.

ಮಿಲಿಮೀಟರಮ್ಮ ಕಾರಿನ ಬಾಗಿಲಿಗೆ ಕೈ ಊರಿ ನಿಂತರು.

“ಏನಮ್ಮ? ಗೊತ್ತಾಯ್ತಾ ಯಾರು ಅಂತ?”

“ಬಿಸಿಲು,” ಎಂದರು ಮಿಲಿಮೀಟರಮ್ಮ. ಕೆಲಸದ ವಿಷಯದಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದು. “ಮನೇಲಿ ನಿಧಾನವಾಗಿ ನೋಡ್ತೀನಿ. ಕಾಗದ ಹಂಚಿ ಮುಗಿಸಿ ಐದು ಗಂಟೆಗೆ ಮನೆಗೆ ಬಾ.”

ವ್ಯಾಪಾರಿ ಹಾಳೆ ಕೊಡಲು ಗೊಣಗಿದ. ಮಿಲಿಮೀಟರಮ್ಮ ಅಲ್ಲಿ ನಿಂತಿದ್ದ ಬೇರೆ ಕಾರುಗಳ ಕಡೆಗೆ ಒಮ್ಮೆ ಸುಮ್ಮನೆ ಕಣ್ಣು ಹಾಯಿಸಿದರು. ಅವನೇ ಲಕೋಟೆ ಹುಡುಕಿ, ಎಂಟನ್ನೂ ಅದರಲ್ಲಿಟ್ಟು ಕೊಟ್ಟ.

*

ಶೆಡ್ಡಿನಲ್ಲಿ ಗಂಡ ಹೆಂಡತಿ ಜೋಡಿಯಾಗಿ ಕೆಲಸ ಮಾಡುತ್ತಿದ್ದರು. ಕಾರಿನಡಿಯ ಗುಂಡಿಯಲ್ಲಿ ಟಾರ್ಚು ಹಿಡಿದು ನಿಲ್ಲುವುದು ಮಿಲಿಮೀಟರಮ್ಮ. ಮೇಲೆ ಸೀಟಿನಲ್ಲಿ ಕೂತು ಬ್ರೇಕು ತುಳಿಯುವುದು ಯಜಮಾನರು. ಅಮ್ಮ ಕೆಳಗಿನಿಂದ “ಒತ್ರೀ” ಎಂದರೆ ಒತ್ತುವುದು, “ಬಿಡ್ರೀ” ಎಂದರೆ ಬಿಡುವುದು, ಮನೆಯಲ್ಲೂ ಅದೇ ನಡೆಯುವುದು ಎಂದು ಶೆಡ್ಡಿನವರೆಲ್ಲ ನಗುತ್ತಿದ್ದರು. ಯಜಮಾನರೂ ನಗುತ್ತಿದ್ದರು.

ಪ್ರತಿ ಹಾಳೆಗೂ ಇಬ್ಬರ ಸಹಿ ಬೇಕು, ಅದು ನಿಯಮ. ಗುಂಡಿಗೆ ಇಳಿದ ಮೇಲೆ ಕೈತುಂಬ ಎಣ್ಣೆ, ಗ್ರೀಸು. ಹಾಗಾಗಿ ಮಿಲಿಮೀಟರಮ್ಮ ಬೆಳಿಗ್ಗೆ ಬಂದವರೇ ಹತ್ತು ಖಾಲಿ ಹಾಳೆಗೆ ಸಹಿ ಹಾಕಿ ಗಂಡನ ಕೈಗೆ ಕೊಟ್ಟು ಇಳಿಯುತ್ತಿದ್ದರು. ಅರ್ಧ ಮಿಲಿಮೀಟರಿಗೆ ಅಧಿಕಾರಿಯನ್ನೇ ಬಿಡದ ಹೆಂಗಸು, ಖಾಲಿ ಹಾಳೆಗೆ ಸಹಿ ಹಾಕಿ ಕೊಡುವುದು ತಪ್ಪೆಂದು ಒಂದು ದಿನವೂ ಅಂದುಕೊಂಡಿರಲಿಲ್ಲ. ಕೊಡುತ್ತಿದ್ದುದು ಗಂಡನಿಗೆ ತಾನೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು.

ಬಸ್ಸಿನಲ್ಲಿ ಕೂತು ನಾಲ್ಕನೇ ಹಾಳೆಯ ತಾರೀಖನ್ನು ಮತ್ತೆ ನೋಡಿದರು. ಆ ದಿನವನ್ನು ಅವರು ಮರೆಯುವುದು ಸಾಧ್ಯವೇ ಇರಲಿಲ್ಲ. ಹಿಂದಿನ ದಿನ ಗುಂಡಿಯಲ್ಲೇ ಹೊಟ್ಟೆನೋವು ಬಂದು ಕುಸಿದು, ಆಸ್ಪತ್ರೆ ಸೇರಿದ್ದರು. ಆ ದಿನ ಸಂಜೆ ಪಿತ್ತಕೋಶದ ಆಪರೇಶನ್ ಆಗಿತ್ತು. ಯಜಮಾನರು ಹಾಸಿಗೆಯ ಪಕ್ಕ ಬಿಟ್ಟು ಕದಲಿರಲಿಲ್ಲ.

ಕದಲಿದ್ದರು. ಮಧ್ಯಾಹ್ನ ಎರಡು ಗಂಟೆಯ ಹೊತ್ತು, ಬಟ್ಟೆ ತರುತ್ತೇನೆಂದು.

*

ಯಜಮಾನರು ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತ ಕೂತಿದ್ದರು. ಹೆಂಡತಿ ಬಂದ ಸದ್ದಿಗೆ ತಲೆಯೆತ್ತದೆ, “ಊಟ ಮುಚ್ಚಿಟ್ಟಿದೀನಿ, ಕೈ ತೊಳ್ಕೊಂಡು ಬಾ,” ಎಂದರು.

ಮಿಲಿಮೀಟರಮ್ಮ ಸಿಪ್ಪೆಗಳನ್ನು ಸರಿಸಿ ಹಾಳೆಯನ್ನು ಅವರ ಮುಂದಿಟ್ಟರು.

ಬಟಾಣಿ ಸುಲಿಯುವ ಬೆರಳು ನಿಂತಿತು. ಯಜಮಾನರು ಬಹಳ ಹೊತ್ತು ಹಾಳೆಯನ್ನು ನೋಡಿದರು. ಮುಖದಲ್ಲಿ ಗಾಬರಿ ಕಾಣಲಿಲ್ಲ. ಬರಬೇಕಾದ ಬಸ್ಸು ತಡವಾಗಿಯಾದರೂ ಬಂತು ಎನ್ನುವವರ ಹಾಗೆ ನಿಟ್ಟುಸಿರು ಬಿಟ್ಟರು.

“ಐದು ವರ್ಷ ಬೇಕಾಯ್ತು ನಿನಗೆ,” ಎಂದರು.

“ರೀ, ಇದು ನೀವು ಬರೆದಿದ್ದಾ?”

“ಹೂಂ.”

“ಕಾರು ನೋಡಿದ್ರಾ?”

“ಇಲ್ಲ.”

“ಮತ್ತೆ ಹತ್ತೂವರೆ ಅಂತ ಯಾಕೆ ಬರೆದ್ರಿ?”

“ಅವರು ಹೇಳಿದ್ರು, ಬರೆದೆ. ಯಾಕೆ ಅಂತ ಕೇಳಲಿಲ್ಲ.” ಯಜಮಾನರು ಸುಲಿದ ಕಾಳುಗಳನ್ನು ಸುಮ್ಮನೆ ಬಟ್ಟಲಲ್ಲಿ ಅತ್ತಿತ್ತ ಸರಿಸಿದರು. “ನಿನಗೆ ಜ್ವರ ನೂರಾಮೂರು. ಆಪರೇಶನ್ ಸರದಿ ಬರೋಕೆ ನಾಲ್ಕು ದಿನ ಆಗುತ್ತೆ ಅಂದ್ರು. ನಾಲ್ಕು ದಿನ ನೀನು ತಡೀತೀಯ ಅಂತ ನರ್ಸಮ್ಮನ ಮುಖ ಹೇಳ್ತಿರಲಿಲ್ಲ. ಹನ್ನೊಂದು ಗಂಟೆಗೆ ಹಲ್ಲಿನ ಡಾಕ್ಟರು ಆಸ್ಪತ್ರೆಗೇ ಫೋನ್ ಮಾಡಿದ್ರು. ನನ್ನ ದವಡೆ ಹಲ್ಲು ಕಿತ್ತವರು ತಾನೆ, ಪರಿಚಯ ಇತ್ತು. ಕಾರಿನ ತಪಾಸಣೆ ವಾಯಿದೆ ಇವತ್ತಿಗೆ ಮುಗಿಯುತ್ತೆ, ಒಂದು ಹಾಳೆ ಬರ್ಕೊಡಿ ಅಂದ್ರು. ಅವರ ಬಾವ ಆ ಆಸ್ಪತ್ರೇಲೇ ಸರ್ಜನ್ನಂತೆ, ನಿಮ್ಮನೆಯವರ ಆಪರೇಶನ್ ಇವತ್ತೇ ಮಾಡಿಸ್ತೀನಿ ಅಂದ್ರು.”

ಮಿಲಿಮೀಟರಮ್ಮ ಕುರ್ಚಿ ಎಳೆದುಕೊಂಡು ಕೂತರು.

“ನೀನು ಸಹಿ ಹಾಕಿಟ್ಟ ಹಾಳೆ ಡ್ರಾಯರಿನಲ್ಲಿ ಇತ್ತು. ಹೋಗಿ ಬರೆದೆ. ಸಂಜೆ ಆರಕ್ಕೆ ನಿನ್ನ ಒಳಗೆ ಕರ್ಕೊಂಡು ಹೋದ್ರು.”

“ಬರೆಯೋದು ಬರೆದ್ರಿ,” ಎಂದರು ಮಿಲಿಮೀಟರಮ್ಮ. ಈ ಹೊತ್ತಿನಲ್ಲೂ ಕಸುಬಿನ ಸಿಟ್ಟು ಬಿಡಲಿಲ್ಲ. “ಮೂವತ್ತು ವರ್ಷ ಈ ಕೆಲಸ ಮಾಡಿದವರು. ಹಿಂದಿನ ವರ್ಷದ ಹಾಳೆ ನೋಡ್ಕೊಂಡು ಒಂದು ಮಿಲಿಮೀಟರು ಕಳೆದು ಬರೆಯೋಕೆ ಗೊತ್ತಾಗ್ಲಿಲ್ವಾ? ಟೈರು ಬೆಳೆಯೋ ಹಾಗೆ ಬರೆದಿದೀರ.”

“ಗೊತ್ತಿತ್ತು.”

“ಮತ್ತೆ?”

“ಸುಳ್ಳು ಬರೆಯೋಕೆ ಕೈ ಬರಲಿಲ್ಲ ಕಣೇ.” ಯಜಮಾನರು ಈಗ ಮುಖವೆತ್ತಿ ಹೆಂಡತಿಯನ್ನು ನೋಡಿದರು. “ಬರೀಲೇಬೇಕಿತ್ತು, ನೀನು ಸಾಯ್ತಿದ್ದೆ. ಅದಕ್ಕೆ, ಸುಳ್ಳು ಅಂತ ಗೊತ್ತಾಗೋ ಹಾಗೆ ಬರೆದೆ. ಎರಡನೇ ವರ್ಷದ ಅಂಕಿ ನೋಡ್ಕೊಂಡು ನಾಲ್ಕನೇ ವರ್ಷಕ್ಕೆ ಹಾಕಿದೆ. ಕಸುಬು ಬಲ್ಲವರು ಯಾರು ನೋಡಿದ್ರೂ ಒಂದೇ ನೋಟಕ್ಕೆ ಹಿಡೀತಾರೆ ಅಂದ್ಕೊಂಡೆ. ನೀನಂತೂ ಕೆಲಸಕ್ಕೆ ವಾಪಸು ಬಂದ ದಿನಾನೇ ಹಿಡೀತೀಯ, ಮುಖಕ್ಕೆ ಉಗೀತೀಯ ಅಂದ್ಕೊಂಡೆ. ಹಾಳೆ ಕೋರ್ಟಿಗೆ ಹೋಯ್ತು. ಕೋರ್ಟಲ್ಲಿ ಸಮಯ ನೋಡಿದ್ರು, ಮೊಹರು ನೋಡಿದ್ರು. ಟೈರು ಯಾರೂ ನೋಡಲಿಲ್ಲ.”

ಇಷ್ಟು ಸಿಟ್ಟು, ಇಷ್ಟು ಪ್ರೀತಿ ಒಟ್ಟಿಗೆ ನುಗ್ಗಿ ಬಂದರೆ ಯಾವುದಕ್ಕೆ ಮೊದಲು ಬಾಗಿಲು ತೆರೆಯಬೇಕೆಂದು ಮಿಲಿಮೀಟರಮ್ಮನವರಿಗೆ ತಿಳಿಯಲಿಲ್ಲ. ಈ ಮನುಷ್ಯ ತನಗಾಗಿ ಒಂದು ಸುಳ್ಳು ಹೇಳಿದ್ದಾನೆ, ಅದರೊಳಗೇ ತಪ್ಪೊಪ್ಪಿಗೆಯನ್ನೂ ಬರೆದಿಟ್ಟಿದ್ದಾನೆ, ಅದನ್ನು ಓದಬಲ್ಲ ಒಬ್ಬಳೇ ಒಬ್ಬಳು ಓದಲಿಲ್ಲ.

“ಅಪಘಾತದ ವಿಷಯ ಯಾವಾಗ ಗೊತ್ತಾಯ್ತು?”

“ಮೂರು ತಿಂಗಳಾದ ಮೇಲೆ. ತೀರ್ಪು ಪೇಪರಲ್ಲಿ ಬಂತು.”

“ಆವಾಗ್ಲಾದ್ರೂ ಹೇಳ್ಬೇಕಿತ್ತು.”

“ಆವಾಗ ನಿನಗೆ ಎದ್ದು ನಾಲ್ಕು ಹೆಜ್ಜೆ ಹಾಕೋಕೆ ಆಗ್ತಿರಲಿಲ್ಲ. ಆಮೇಲೆ ನೀನು ನಡೆದೆ. ಆವಾಗ ನನಗೆ ಆಗಲಿಲ್ಲ.”

ಹೊರಗೆ ಗೇಟಿನ ಸದ್ದಾಯಿತು. ಇಬ್ಬರಿಗೂ ಆ ಸದ್ದು ಗೊತ್ತು. ದಿನಾ ಮಧ್ಯಾಹ್ನ ಕಾಗದ ತರುವವಳು ಇವತ್ತು ಸಂಜೆ ಬಂದಿದ್ದಳು.

“ಯಾರು ಅಂತ ಗೊತ್ತಲ್ವಾ ಆ ಹುಡುಗಿ?” ಎಂದು ಮಿಲಿಮೀಟರಮ್ಮ ಮೆಲ್ಲಗೆ ಕೇಳಿದರು.

ಯಜಮಾನರು ತಲೆಯಾಡಿಸಿದರು. “ನಾನೇ ಹೇಳ್ತೀನಿ. ನಿನ್ನ ಸಹಿ ವಿಷಯ ಬೇಡ. ನಾನೇ ಹಾಕಿದೆ ಅಂತೀನಿ.”

“ಇನ್ನೊಂದು ಸುಳ್ಳಾ?” ಮಿಲಿಮೀಟರಮ್ಮ ಎದ್ದರು. ಗಂಡನ ಅಂಗಿಗೆ ಅಂಟಿದ್ದ ಬಟಾಣಿ ಸಿಪ್ಪೆಯೊಂದನ್ನು ಕಿತ್ತು ಮೇಜಿಗೆ ಹಾಕಿದರು. “ಎದ್ದೇಳ್ರೀ. ಇಬ್ಬರೂ ಹೋಗೋಣ.”

*

ಅಂಚೆಯವಳು ಮುಂದಿನ ಕೋಣೆಯಲ್ಲಿ ಕುರ್ಚಿಯ ತುದಿಗೆ ಕೂತಿದ್ದಳು. ಖಾಲಿ ಚೀಲ ಮಡಿಲಲ್ಲಿತ್ತು.

ಮಿಲಿಮೀಟರಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ. ನಿಂತುಕೊಂಡೇ ಹೇಳಿದರು. “ನಿಮ್ಮಪ್ಪನ್ನ ಜೈಲಿಗೆ ಕಳಿಸಿದ ಹಾಳೆ ಬರೆದವರು ನಮ್ಮೆಜಮಾನ್ರು. ಖಾಲಿ ಇದ್ದಾಗಲೇ ಅದಕ್ಕೆ ಸಹಿ ಹಾಕಿ ಕೊಟ್ಟವಳು ನಾನು. ನನ್ನ ಆಪರೇಶನ್ ಬೇಗ ಆಗ್ಲಿ ಅಂತ ಬರೆದ್ರು. ನಾಳೆ ಬೆಳಿಗ್ಗೆ ಇಬ್ಬರೂ ಪೊಲೀಸ್ ಠಾಣೆಗೆ ಹೋಗಿ ಹೇಳ್ತೀವಿ. ಕ್ಷಮಿಸು ಅಂತ ಕೇಳೋ ಮುಖ ನಮಗಿಲ್ಲ.”

ಅಂಚೆಯವಳು ಅವರನ್ನು ನೋಡಲಿಲ್ಲ. ಯಜಮಾನರ ಕಡೆ ತಿರುಗಿದಳು.

“ಐದು ವರ್ಷದಿಂದ ಈ ಮನೆಗೆ ಕಾಗದ ತರ್ತಿದೀನಿ,” ಎಂದಳು. “ದಿನಾ ಒಂದು ಲೋಟ ನೀರು ಕೊಡ್ತಿದ್ರಿ. ಇದಕ್ಕಾ?”

“ಮೊದಲು ಬಿಸಿಲು ಅಂತ ಕೊಟ್ಟೆ, ತಾಯಿ,” ಎಂದರು ಯಜಮಾನರು. “ಯಾರ ಮಗಳು ಅಂತ ಗೊತ್ತಾದ ಮೇಲೆ ಇದಕ್ಕೇ ಕೊಟ್ಟೆ.”

ಹುಡುಗಿ ಅತ್ತರೆ ಎದ್ದು ಹೋಗಬಹುದು ಎಂದು ಮಿಲಿಮೀಟರಮ್ಮ ಹೆದರಿದರು. ಅವಳು ಅಳಲೂ ಇಲ್ಲ, ಏಳಲೂ ಇಲ್ಲ. ಚೀಲದ ಪಟ್ಟಿಯನ್ನು ಕೈಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

“ಹೋದ ವರ್ಷ ನನಗೆ ಜ್ವರ ಬಂದಾಗ ಅಂಚೆ ಕಚೇರಿ ತನಕ ಹುಡುಕ್ಕೊಂಡು ಬಂದಿದ್ರಿ,” ಎಂದಳು. “ಅಪ್ಪನಿಗೆ ಬರೆದಿದ್ದೆ. ಯಾರೋ ಪುಣ್ಯಾತ್ಮರು, ನಿನ್ನ ಹಾಗೇ ಇದಾರೆ ಅಂತ.”

ಯಜಮಾನರು ಗೋಡೆಗೆ ಒರಗಿದರು. ಕಣ್ಣಿನಿಂದ ಇಳಿದ ನೀರನ್ನು ಒರೆಸಿಕೊಳ್ಳಲೂ ಕೈಯೆತ್ತಲಿಲ್ಲ. ಮಿಲಿಮೀಟರಮ್ಮ ಮೆಲ್ಲಗೆ ಹೋಗಿ ಹುಡುಗಿಯ ಪಕ್ಕದಲ್ಲಿ ಕೂತರು. ಮುಟ್ಟಲು ಧೈರ್ಯ ಸಾಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಡುಗಿಯೇ ಭುಜವನ್ನು ಅವರ ಭುಜಕ್ಕೆ ಒರಗಿಸಿದಳು. ಅದು ಕ್ಷಮೆಯಲ್ಲ, ದಣಿವು ಎಂದು ಮಿಲಿಮೀಟರಮ್ಮನವರಿಗೆ ತಿಳಿದಿತ್ತು. ಅಷ್ಟಾದರೂ ದಕ್ಕಿತಲ್ಲ ಎಂದು ಅಲುಗಾಡದೆ ಕೂತರು.

“ನಾಳೆ ಡಾಕ್ಟರು, ನಾನು ಕಾರೇ ಓಡಿಸ್ತಿರಲಿಲ್ಲ ಅಂದ್ರೆ?” ಎಂದಳು ಅಂಚೆಯವಳು, ಮೂಗು ಒರೆಸಿಕೊಂಡು. ಬುದ್ಧಿ ಆಗಲೇ ಮುಂದಿನ ಮನೆಯ ಬಾಗಿಲಿಗೆ ಹೋಗಿತ್ತು. “ಕಾರು ಶೆಡ್ಡಲ್ಲಿರಲಿಲ್ಲ ಅಂತ ನೀವು ಹೇಳಬಹುದು. ಶಾಲೆ ತಿರುವಲ್ಲಿ ಅವರೇ ಇದ್ರು ಅಂತ ಹೇಳೋಕಾಗುತ್ತಾ?”

“ಅವರು ಓಡಿಸ್ತಿರಲಿಲ್ಲ,” ಎಂದರು ಯಜಮಾನರು.

ಇಬ್ಬರೂ ಅವರತ್ತ ನೋಡಿದರು.

“ಡಾಕ್ಟರ ಬಲಗೈ ಆ ತಿಂಗಳೆಲ್ಲ ಪ್ಲಾಸ್ಟರಿನಲ್ಲಿತ್ತು. ನನ್ನ ಹಲ್ಲಿಗೆ ಸಿಮೆಂಟ್ ತುಂಬೋಕೂ ಆಗದೆ ವಾಪಸು ಕಳಿಸಿದ್ರು.” ಯಜಮಾನರು ಪ್ರತಿ ಮಾತನ್ನೂ ಎಲ್ಲಿಂದಲೋ ಎತ್ತಿ ತರುವವರಂತೆ ನಿಧಾನವಾಗಿ ಹೇಳಿದರು. “ಹಾಳೆ ತಗೊಂಡು ಹೋಗೋಕೆ ಶೆಡ್ಡಿಗೆ ಬಂದವರು ಬೇರೆ. ಕಾರನ್ನ ಗೇಟಿನಾಚೆ, ರಸ್ತೆ ಆ ಪಕ್ಕ ನಿಲ್ಲಿಸಿದ್ರು. ಬಲಪಕ್ಕ ಮಾತ್ರ ನನ್ನ ಕಡೆಗಿತ್ತು. ನಾಲ್ಕು ಹೆಜ್ಜೆ ಸುತ್ತಿ ಹೋಗಿ ಎಡಗಡೆ ನೋಡಿದ್ರೆ ಸಾಕಿತ್ತು. ಜನ್ಮವೆಲ್ಲ ಕಾರು ನೋಡಿದವನು, ಆವತ್ತು ನೋಡಲಿಲ್ಲ. ಅವರು ಸ್ಟೀರಿಂಗ್ ಬಿಟ್ಟು ಇಳಿದು ಬಂದ್ರು. ಕೈ ಎಷ್ಟು ನಡುಗ್ತಿತ್ತು ಅಂದ್ರೆ, ಹಾಳೆ ಹಿಡ್ಕೊಳ್ಳೋಕಾಗದೆ ಎರಡು ಸಲ ಕೆಳಗೆ ಹಾಕಿದ್ರು. ಕುಡಿಯೋಕೆ ನೀರು ಕೇಳಿದ್ರು.”

“ಯಾರು ಅವರು?”

ಯಜಮಾನರು ಉತ್ತರವನ್ನು ಹುಡುಗಿಗೆ ಹೇಳಲಿಲ್ಲ, ಹೆಂಡತಿಗೆ ಹೇಳಿದರು.

“ಆವಾಗ ನನಗೂ ಗೊತ್ತಿರಲಿಲ್ಲ. ಸಂಜೆ ಆರು ಗಂಟೆಗೆ ನಿನ್ನನ್ನ ಆಪರೇಶನ್ ಕೋಣೆಗೆ ತಳ್ಕೊಂಡು ಹೋಗುವಾಗ, ಬಾಗಿಲಲ್ಲಿ ನಿಂತು ಅವರೇ ಕೈಗವಸು ಹಾಕ್ಕೊಳ್ತಿದ್ರು,” ಎಂದರು. “ಆವಾಗ ಕೈ ನಡುಗ್ತಿರಲಿಲ್ಲ.”